ವ್ರತ ಮತ್ತು ಶಲ್ಯ

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರ ಅಭಿಪ್ರಾಯ. ಮಾಯಾ, ಮಿಥ್ಯಾ, ನಿದಾನಗಳೆಂಬ 3 ಶಲ್ಯಗಳು ಒಳಗೇ ಮುರಿದುಳಿದ ಮುಳ್ಳಿನಂತೆ. ಹೊರಗೆ ಕಾಣವು, ನೋವು ಮಾತ್ರ ತಪ್ಪದು.

ದೊಡ್ಡನೆಕ್ಕುಂದಿಯ ಕಚೇರಿಯೊಂದರಲ್ಲಿ ದುಡಿಯುವ ಶ್ರಾವಕನು ಚತುರ್ದಶಿಯಂದು ಉಪವಾಸವಿರುತ್ತಾನೆಂದು ಭಾವಿಸೋಣ. ಸಹೋದ್ಯೋಗಿಗಳು ಹೊಗಳಿದಾಗ ಹಿಗ್ಗುತ್ತಾನೆ. ಸಂಜೆ ಹೊರವರ್ತುಲ ರಸ್ತೆಯ ವಾಹನಸಂದಣಿಯಲ್ಲಿ ಸಿಡುಕುತ್ತಾನೆ. ಉಪವಾಸವು ವ್ಯರ್ಥವಾಯಿತೇ? ಇಲ್ಲ; ಒಳಗಿದ್ದ ಮಾನಕಷಾಯ, ಕ್ರೋಧಕಷಾಯಗಳನ್ನು ಅದು ತೋರಿಸಿಕೊಟ್ಟಿತು. ಹಿಗ್ಗನ್ನು ಧರ್ಮಪ್ರಭಾವನೆಯೆಂದೂ ಸಿಡುಕನ್ನು ಹಸಿವಿನ ದೋಷವೆಂದೂ ಹೆಸರಿಟ್ಟು ಮುಚ್ಚಿದರೆ ಅದೇ ಮಾಯಾಶಲ್ಯ. ಇದ್ದುದನ್ನು ಇದ್ದಂತೆ ಕಂಡು ಗುರುಗಳಲ್ಲಿ ನಿವೇದಿಸಿದರೆ ಅದು ಆಲೋಚನೆ, ಪ್ರಾಯಶ್ಚಿತ್ತದ 9 ಭೇದಗಳಲ್ಲಿ ಮೊದಲನೆಯದು.

ಪಾರಣೆಗೆ ಮುನ್ನ ಈ ಆತ್ಮಪರೀಕ್ಷೆಯೂ ನಡೆಯಬೇಕು. ಆಗಲೇ ಉಪವಾಸವು ಪೂರ್ಣವಾಗುವುದು.