ಬಚಿತ್ತರ್ ಸಿಂಗ್ ನಮಗೇನಾಗಬೇಕು?

ಪ್ರತಿ ಸೆಪ್ಟೆಂಬರ್ 17ಕ್ಕೆ ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಧ್ವಜ ಏರಿಸ್ತೀವಿ. 1948ರಲ್ಲಿ ನಿಜಾಮ ಶರಣಾದ ದಿನ ಅದು. ಅದಕ್ಕೆ ನಾಲ್ಕು ದಿನ ಮೊದಲು ನಳದುರ್ಗದ ಹತ್ತಿರ ಪ್ರಾಣ ಕೊಟ್ಟವರು ಪಂಜಾಬಿನ ಹವಿಲ್ದಾರ್ ಬಚಿತ್ತರ್ ಸಿಂಗ್. ಅದೇ ದಿನ ತುಂಗಭದ್ರಾ ರೈಲು ಸೇತುವೆ ಮೇಲೆ ಕುಕ್ರಿ ಹಿಡಿದು ಗುಂಡಿಗೆ ಎದುರು ಓಡಿದವರು ಗೂರ್ಖಾ ಪಡೆಯ ನಾಯಕ್ ನರ ಬಹಾದ್ದೂರ್ ಥಾಪಾ. 1952ರಲ್ಲಿ ಅಶೋಕ ಚಕ್ರ ಆರಂಭವಾದಾಗ ಮೊದಲು ಪಡೆದವರಲ್ಲಿ ಇಬ್ಬರೂ ಇದ್ದರು.

ಅವರ ಮನೆತನದವರು ಈಗ ಎಲ್ಲಿದ್ದಾರೆ ಅಂತ ಎಷ್ಟು ಜನ ಕೇಳಿದ್ದೀವಿ? ನಮ್ಮ ಕಡೆ ಹೆಳವರು ಬಂದು ತಲೆಮಾರುಗಳ ಹೆಸರು ಹೇಳ್ತಾರೆ. ಆ ಲೆಕ್ಕದಲ್ಲಿ ಇವರಿಬ್ಬರೂ ಇಲ್ಲ. ರಕ್ತಸಂಬಂಧ ಇಲ್ಲ ಅಂದ್ರೆ ಋಣವೂ ಇಲ್ಲವೇ?

ಮೊಮ್ಮಗ ಶೌರ್ಯ ತೋರಿಸಿಲ್ಲ, ಅವನಿಗ್ಯಾಕೆ ಶಾಲು ಅಂತ ಕೇಳಬಹುದು. ನಿಜ. ಆದರೆ ಹುಡುಕಬೇಕಾದ್ದು ಶಾಲು ಹೊದಿಸೋಕಲ್ಲ. ‘ನಿಮ್ಮಜ್ಜ ಪ್ರಾಣ ಕೊಟ್ಟ ನೆಲ ಈಗ ಹೀಗಿದೆ’ ಅಂತ ವರದಿ ಒಪ್ಪಿಸೋಕೆ.

ಆ ವರದಿ ಪೂರ್ತಿ ಇರಬೇಕು. ರಜಾಕಾರರ ಕೈಲಿ ಸತ್ತವರಿದ್ದಾರೆ. ಕಾರ್ಯಾಚರಣೆಯ ನಂತರ ಸತ್ತ ಮುಸಲ್ಮಾನರೂ ಇದ್ದಾರೆ. ನೆಹರು ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯನ್ನೂ ಹೆಸರಿಸಿತ್ತು. ಅವರ ಸಂಬಂಧಿಕರನ್ನ ಹುಡುಕೋಕೆ ಪಂಜಾಬಿಗೆ ಹೋಗಬೇಕಿಲ್ಲ. ವಾಡಿ, ಶಹಾಬಾದ್ ಕಡೆ ಪಕ್ಕದ ಓಣಿಯಲ್ಲೇ ಕೇಳಿ ನೋಡಬಹುದು.