ಉರಿ ಆಯ್ತಾ?

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ವಾರಕ್ಕೆರಡು ದಿನ ಒಬ್ಬ ಕಾಂಪೌಂಡರ್ ಬರೋರು. ಪೆನ್ಸಿಲಿನ್ ಇಂಜೆಕ್ಷನ್ ಕೊಡುವ ಮುಂಚೆ ಮುಂಗೈ ಚರ್ಮದಡಿ ಒಂದೇ ಒಂದು ಹನಿ ಚುಚ್ಚಿ ಜಗಲಿ ಮೇಲೆ ಕೂರಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಬಂದು ‘ಉರಿ ಆಯ್ತಾ? ತುರಿಕೆ ಏನಾದ್ರೂ?’ ಅಂತ ಕೇಳೋರು. ಹೂಂ ಅಂದರೆ ಇಂಜೆಕ್ಷನ್ ಇಲ್ಲ. ಒಮ್ಮೆ ನಾನು ಸೂಜಿಗೆ ಹೆದರಿ ಸುಳ್ಳೇ ಹೂಂ ಅಂದಿದ್ದೆ. ಅವ್ವ ಬೈದಳು. ಅವರು ಮಾತ್ರ ‘ಇರಲಿ ಬಿಡವ್ವ, ಅವನ ಚರ್ಮ ಅವನಿಗೇ ಗೊತ್ತು’ ಅಂದು ಮಾತ್ರೆ ಕೊಟ್ಟು ಹೋದರು.

ಈಗ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆದು ಬದುಕುತ್ತೇನೆ. ಬಳಸುವವರು ದೂರು ಕೊಟ್ಟಾಗ ನಮ್ಮ ಹತ್ತಿರ ಒಂದು ಸಿದ್ಧ ಉತ್ತರ ಇರುತ್ತೆ: ‘ಕೆನಾಟ್ ರಿಪ್ರೊಡ್ಯೂಸ್’. ನೀವು ಹೇಳಿದ ತೊಂದರೆ ನಮ್ಮ ಕಂಪ್ಯೂಟರಿನಲ್ಲಿ ಕಾಣಿಸ್ತಿಲ್ಲ, ಟಿಕೆಟ್ ಕ್ಲೋಸ್. ನಾನೂ ಹಾಗೆ ಎಷ್ಟೋ ಮುಚ್ಚಿದ್ದೇನೆ. ಮೊನ್ನೆ ಪ್ಲಾಸ್ಮಾ ವಿಕಿರಣದ ಬಗ್ಗೆ ಓದುತ್ತಿದ್ದಾಗ ಈ ಉತ್ತರ ಗಂಟಲಲ್ಲಿ ಸಿಕ್ಕಿಕೊಂಡಿತು.

ಇದು ರಕ್ತದ ಪ್ಲಾಸ್ಮಾ ಅಲ್ಲ. ಅನಿಲಕ್ಕೆ ಭಾರೀ ಶಕ್ತಿಯ ಲೇಸರ್ ಹೊಡೆದರೆ ಅದರ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬರುತ್ತವೆ. ಆ ಸ್ಥಿತಿಯೇ ಪ್ಲಾಸ್ಮಾ. ಕೆರೆಯಲ್ಲಿ ದೋಣಿ ಹೋದರೆ ಹಿಂದೆ ಅಲೆ ಏಳುತ್ತಲ್ಲ, ಹಾಗೇ ಲೇಸರಿನ ಹಿಂದೆಯೂ ಅಲೆ ಏಳುತ್ತೆ. ಆ ಅಲೆ ಏರಿದ ಎಲೆಕ್ಟ್ರಾನುಗಳು ತೀರಾ ಕಡಿಮೆ ದೂರದಲ್ಲೇ ಭಯಂಕರ ವೇಗ ಪಡೀತವೆ. 1979ರಲ್ಲಿ ತಾಜಿಮಾ ಮತ್ತು ಡಾಸನ್ ಎಂಬ ವಿಜ್ಞಾನಿಗಳು ಮುಂದಿಟ್ಟ ಯೋಚನೆ ಇದು. ಹೀಗೆ ಬರುವ ಕಿರಣ ಸಣ್ಣ ಸಣ್ಣ ಮಿಂಚಿನ ಹಾಗೆ ಬರುತ್ತೆ. ಕೆಲವು ಎಂಇವಿ ಶಕ್ತಿಯ ಎಲೆಕ್ಟ್ರಾನು ಮೈಯೊಳಗೆ ಕೆಲವೇ ಸೆಂಟಿಮೀಟರ್ ಹೋಗಿ ನಿಲ್ಲುತ್ತೆ. ಹಾಗಾಗಿ ಚರ್ಮದ ಗಡ್ಡೆಗೆ ಅದು ಹೇಳಿ ಮಾಡಿಸಿದಂತೆ. ಪ್ಲಾಸ್ಮಾ ಮೂಲಗಳು ಇನ್ನೂ ಪ್ರಯೋಗಾಲಯದಲ್ಲೇ ಇವೆ. ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ಇಲಿಯ ಕಿವಿಯ ಗಡ್ಡೆಗೆ ಲೇಸರ್-ಪ್ಲಾಸ್ಮಾದಿಂದ ಬಂದ ಪ್ರೋಟಾನ್ ಕಿರಣ ಕೊಟ್ಟ ಪ್ರಯೋಗವನ್ನು 2022ರಲ್ಲಿ ಪ್ರಕಟಿಸಿದರು.

ಇಷ್ಟು ಕಡಿಮೆ ಸಮಯದಲ್ಲಿ ಕಿರಣ ಕೊಟ್ಟರೆ ಏನಾಗುತ್ತೆ? ಅದನ್ನು ಮನುಷ್ಯರ ಮೇಲೂ ನೋಡಿಯಾಗಿದೆ, ಪ್ಲಾಸ್ಮಾದಿಂದಲ್ಲ, ಇದಕ್ಕೆಂದೇ ಮಾಡಿದ ಎಲೆಕ್ಟ್ರಾನ್ ಯಂತ್ರದಿಂದ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ 75 ವರ್ಷದ ಒಬ್ಬರಿಗೆ ಚರ್ಮದ ಲಿಂಫೋಮಾ ಇತ್ತು. ಬೇರೆ ಬೇರೆ ಕಡೆ ಎದ್ದ ಹುಣ್ಣುಗಳಿಗೆ ನೂರಕ್ಕೂ ಹೆಚ್ಚು ಸಲ ವಿಕಿರಣ ಆಗಿತ್ತು, ಚರ್ಮ ಅದನ್ನು ಸರಿಯಾಗಿ ತಡೆಯುತ್ತಿರಲಿಲ್ಲ. ಒಂದು ಗಡ್ಡೆಗೆ ಪೂರ್ತಿ 15 ಗ್ರೇ ಡೋಸನ್ನು 90 ಮಿಲಿಸೆಕೆಂಡಿನಲ್ಲಿ ಕೊಟ್ಟರು. ಗಡ್ಡೆ ಕರಗಿತು, ಸುತ್ತಲಿನ ಚರ್ಮಕ್ಕೆ ಆದ ತೊಂದರೆ ಅತ್ಯಲ್ಪ. ಈ ವಿಧಾನಕ್ಕೆ ‘ಫ್ಲ್ಯಾಷ್’ ಅಂತಾರೆ.

ಓದಿ ಖುಷಿಯಾಯ್ತು. ಕಿದ್ವಾಯಿ ಆಸ್ಪತ್ರೆಗೆ ದೂರದ ಹಳ್ಳಿಗಳಿಂದ ಬಂದು, ದಿನಾ ಒಂದೊಂದು ಸಿಟ್ಟಿಂಗ್ ಅಂತ ವಾರಗಟ್ಟಲೆ ಊರು, ದನಕರು ಬಿಟ್ಟು ಇರುವವರನ್ನು ನೋಡಿದವರಿಗೆ ‘ಒಂದೇ ಸಲ, ಕಣ್ಣು ಮಿಟುಕಿಸೋದರಲ್ಲಿ’ ಅನ್ನೋದು ಸಣ್ಣ ಮಾತಲ್ಲ. ಆದರೆ 90 ಮಿಲಿಸೆಕೆಂಡಿನಲ್ಲಿ ರೋಗಿ ‘ಅಯ್ಯೋ’ ಅನ್ನೋಕೂ ಆಗಲ್ಲ. ಕೆಂಪು ಗುಂಡಿ ಒತ್ತೋಣ ಅಂದರೆ ಕೈ ಎತ್ತುವಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ನಿಲ್ಲಿಸಬೇಕಾದದ್ದು ಸಾಫ್ಟ್‌ವೇರ್. ಅಂದರೆ, ನನ್ನಂಥವನು ಎಂದೋ ಬರೆದಿಟ್ಟ ನಾಲ್ಕು ಸಾಲು.

ಆ ಸಾಲುಗಳು ಕೈಕೊಟ್ಟ ಕಥೆ ನಮ್ಮ ವೃತ್ತಿಯವರಿಗೆ ಗೊತ್ತಿರಲೇಬೇಕು. ಕೆನಡಾದ ಸರ್ಕಾರಿ ಕಂಪನಿಯೊಂದು ಥೆರಾಕ್-25 ಎಂಬ ವಿಕಿರಣ ಯಂತ್ರ ಮಾಡಿತ್ತು. 1986ರ ಮಾರ್ಚಿನಲ್ಲಿ ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ಬೆನ್ನಿನ ಗಡ್ಡೆ ತೆಗೆಸಿಕೊಂಡಿದ್ದ ಒಬ್ಬರು ಅದರಡಿ ಮಲಗಿದ್ದರು. ಆಪರೇಟರ್ ‘ಇ’ ಬದಲು ‘ಎಕ್ಸ್’ ಒತ್ತಿ, ತಕ್ಷಣ ತಿದ್ದಿದರು. ‘ಮಾಲ್‌ಫಂಕ್ಷನ್ 54’ ಅಂತ ಬಂತು. 202 ಯೂನಿಟ್ ಕೊಡಬೇಕಾದಲ್ಲಿ ಬರೀ 6 ಹೋಗಿದೆ ಅಂತ ಪರದೆ ಹೇಳ್ತು. ಇಂಥ ಸಂದೇಶ ದಿನಾ ಬರ್ತಿದ್ದವು, ಅವರು ‘ಮುಂದುವರಿಸು’ ಒತ್ತಿದರು. ಒಳಗೆ ರೋಗಿಗೆ ಮೊದಲ ಹೊಡೆತಕ್ಕೇ ಬೆನ್ನು ಸುಟ್ಟಂತಾಗಿ ಏಳಲು ಹೋಗುತ್ತಿದ್ದರು, ಆಗ ಎರಡನೇದೂ ಬಿತ್ತು. ಅವತ್ತು ಇಂಟರ್‌ಕಾಮ್ ಕೆಟ್ಟಿತ್ತು, ಕ್ಯಾಮೆರಾ ಪರದೆಯ ಪ್ಲಗ್ಗೂ ಹಾಕಿರಲಿಲ್ಲ. ಐದು ತಿಂಗಳಿಗೆ ಅವರು ತೀರಿಕೊಂಡರು.

ಕಂಪನಿಯ ಇಂಜಿನಿಯರುಗಳು ಬಂದು ನೋಡಿದರು. ಈ ಯಂತ್ರ ಹೆಚ್ಚು ಡೋಸ್ ಕೊಡೋದು ಸಾಧ್ಯವೇ ಇಲ್ಲ, ಬಹುಶಃ ವಿದ್ಯುತ್ ಶಾಕ್ ಇರಬೇಕು ಅಂದರು. ಕೆನಾಟ್ ರಿಪ್ರೊಡ್ಯೂಸ್! ಯಂತ್ರ ಮತ್ತೆ ಶುರುವಾಯಿತು. ಏಪ್ರಿಲ್ 11ರಂದು ಅದರಡಿ ಮಲಗಿದವರಿಗೆ ಇದ್ದದ್ದು ಮುಖದ ಪಕ್ಕದ ಚರ್ಮದ ಕ್ಯಾನ್ಸರ್. ಮತ್ತೆ 54. ಮೂರು ವಾರದಲ್ಲಿ ಅವರೂ ಹೋದರು.

ಆಮೇಲೆ ಆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಮತ್ತು ಅದೇ ಆಪರೇಟರ್ ಯಂತ್ರದ ಮುಂದೆ ಕೂತು ಮತ್ತೆ ಮತ್ತೆ ಟೈಪ್ ಮಾಡಿದರು. ಕೊನೆಗೆ ಹೊಳೀತು: ಟೈಪಿಂಗ್ ಪಳಗಿದ ಕೈ ಎಂಟು ಸೆಕೆಂಡಿನೊಳಗೆ ತಿದ್ದಿದರೆ ಮಾತ್ರ ತಪ್ಪು ಬರುತ್ತೆ. ಇಂಜಿನಿಯರುಗಳು ನಿಧಾನವಾಗಿ ಟೈಪ್ ಮಾಡಿ ನೋಡಿದ್ದರು, ಅಷ್ಟೇ. ಇನ್ನೊಂದು ವಿಷಯ: ಹಳೆಯ ಥೆರಾಕ್-20ರ ಸಾಫ್ಟ್‌ವೇರಿನಲ್ಲೂ ಇದೇ ತಪ್ಪಿತ್ತು. ಅಲ್ಲಿ ಫ್ಯೂಸ್ ಹಾರುತ್ತಿತ್ತು, ಜೀವ ಉಳಿಯುತ್ತಿತ್ತು. ಹೊಸದರಲ್ಲಿ ಸಾಫ್ಟ್‌ವೇರ್ ಇದೆಯಲ್ಲ ಅಂತ ಆ ಹಾರ್ಡ್‌ವೇರ್ ತಡೆಗಳನ್ನೇ ಕೈಬಿಟ್ಟಿದ್ದರು. ಪಂಪ್‌ಸೆಟ್ಟಿನ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟುವವರನ್ನು ನಮ್ಮೂರಲ್ಲಿ ‘ಇವನಿಗೆ ಬುದ್ಧಿ ಇಲ್ಲ’ ಅಂತಿದ್ದರು.

ಹಾಗಂತ ವೇಗದ ಯಂತ್ರ ಬೇಡ ಅಂತೀನಾ? ಇಲ್ಲ. ಬೇಡ ಅಂದರೆ ಅದರ ಬೆಲೆ ಕಟ್ಟುವವರು ಆ ಲೊಸಾನ್‌ನ ಅಜ್ಜನಂಥವರು. ನನ್ನ ಪ್ರಶ್ನೆ ಬೇರೆ: ಮನುಷ್ಯ ಕೂಗಲು ಪುರುಸೊತ್ತಿಲ್ಲದ ಯಂತ್ರ ಮಾಡಿದ ಮೇಲೆ, ಅವನ ಕೂಗಿಗೆ ಎಲ್ಲಿ ಜಾಗ ಇಡ್ತೀವಿ?

ನನಗನ್ನಿಸೋದು, ಮುಂಚೆ ಮತ್ತು ಆಮೇಲೆ. ಮುಂಚೆ ಅಂದರೆ, ಕೋಡ್ ಬರೆಯುವಾಗಲೇ ಅದು ತಪ್ಪುತ್ತೆ ಅಂದುಕೊಂಡು ಕೋಡಿನ ಮಾತು ಕೇಳದ ಒಂದು ಫ್ಯೂಸ್ ಇಡೋದು. ಆಮೇಲೆ ಅಂದರೆ, ಒಬ್ಬ ‘ಉರೀತು’ ಅಂದರೆ ಪರದೆ ಏನೇ ಹೇಳಲಿ, ಕಾರಣ ಸಿಗೋ ತನಕ ಯಂತ್ರ ನಿಲ್ಲಿಸೋದು.

ರೋಗಿ ತಪ್ಪು ಹೇಳಬಹುದಲ್ಲ, ಸುಳ್ಳೂ ಹೇಳಬಹುದಲ್ಲ ಅಂತ ಕೇಳಬಹುದು. ನಿಜ, ನಾನೇ ಹೇಳಿದ್ದೆ. ಆದರೆ ಲೆಕ್ಕ ಹಾಕಿ ನೋಡಿ. ನನ್ನ ಸುಳ್ಳನ್ನು ನಂಬಿದ್ದಕ್ಕೆ ಕಾಂಪೌಂಡರಿಗೆ ಆದ ನಷ್ಟ ಒಂದು ಇಂಜೆಕ್ಷನ್. ಟೈಲರಿನಲ್ಲಿ ಒಬ್ಬನ ನಿಜವನ್ನು ನಂಬದೇ ಇದ್ದದ್ದಕ್ಕೆ ಹೋದದ್ದು ಇನ್ನೊಬ್ಬನ ಜೀವ. ನಂಬೋದು ಅಂದರೆ ಹೇಳಿದ್ದಕ್ಕೆಲ್ಲ ತಲೆ ಆಡಿಸೋದಲ್ಲ, ಹುಡುಕೋ ಕೆಲಸ ಇನ್ನು ನನ್ನದು ಅಂತ ಒಪ್ಪಿಕೊಳ್ಳೋದು. ‘ಕೆನಾಟ್ ರಿಪ್ರೊಡ್ಯೂಸ್’ ಅನ್ನೋದು ಯಂತ್ರದ ಬಗ್ಗೆ ಏನೂ ಹೇಳಲ್ಲ, ನಾನು ಎಷ್ಟು ಹೊತ್ತು ಹುಡುಕಿದೆ ಅನ್ನೋದನ್ನಷ್ಟೇ ಹೇಳುತ್ತೆ.

ನಾನು ಬರೆಯೋದು ಬಿಲ್ಲಿಂಗ್ ಸಾಫ್ಟ್‌ವೇರ್, ಅದರಿಂದ ಯಾರೂ ಸಾಯಲ್ಲ. ಆದರೂ ಸೋಮವಾರ ಆಫೀಸಿಗೆ ಹೋಗಿ, ಹಿಂದಿನ ತಿಂಗಳು ಹಾಗೇ ಮುಚ್ಚಿದ್ದ ಮೂರು ಟಿಕೆಟ್ ಮತ್ತೆ ತೆರೆದೆ. ಮೊದಲನೆಯದರ ಹೆಂಗಸಿಗೆ ಫೋನ್ ಮಾಡಿ, ‘ಮೇಡಂ, ಅವತ್ತು ಏನಾಯ್ತು ಅಂತ ಇನ್ನೊಂದ್ಸಲ ಹೇಳ್ತೀರಾ?’ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಹೇಳತೊಡಗಿದರು.