ಆಗಬೇಕಾಗಿದ್ದವರು

ನನ್ನ ತಮ್ಮನನ್ನು ಯಾರಿಗಾದರೂ ಪರಿಚಯಿಸುವಾಗ ಒಂದು ಮಾತು ನನ್ನ ಬಾಯಿಗೆ ತಾನಾಗಿಯೇ ಬಂದುಬಿಡುತ್ತಿತ್ತು: "ಇವನು ಇಂಡಿಯಾ ಟೀಮಿನಲ್ಲಿ ಆಡಬೇಕಾಗಿದ್ದವನು." ಮೈಸೂರಿನ ನಮ್ಮ ಮನೆಗೆ ಬಂದವರ ಮುಂದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಮಗಳ ಬೀಗರ ಎದುರಿಗೆ, ಎಲ್ಲ ಕಡೆಯೂ ಇದೇ ಮಾತು. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಮೂರು ವರ್ಷದ ಹಿಂದೆ ಗೆಳತಿಯೊಬ್ಬರನ್ನು ಕರೆದುಕೊಂಡು ಶೀಳನೆರೆಗೆ ಹೋದಾಗಲೂ ಹಾಗೆಯೇ ಹೇಳಿದೆ. ಅವನು ಎಳನೀರು ಕೊಚ್ಚಿ ಅವರ ಕೈಗೆ ಕೊಟ್ಟ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದ.

"ಅಕ್ಕಾ, ನಾನು ಏನಾಗಲಿಲ್ಲ ಅನ್ನೋದನ್ನೇ ಇಷ್ಟು ವರ್ಸದಿಂದ ಎಲ್ರಿಗೂ ಯೋಳ್ತಾ ಇದ್ದೀಯ. ಏನಾಗಿವ್ನಿ ಅಂತ ಒಂದ್ ದಿನಾನಾದ್ರೂ ಯೋಳಿದ್ಯಾ?"

ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವನಿಗೆ ಕ್ರಿಕೆಟ್ಟಿನ ಹುಚ್ಚು ಹಿಡಿದದ್ದು 1985ರಲ್ಲಿ. ಆ ವರ್ಷ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಾವಳಿಯನ್ನು ಭಾರತ ಒಂದು ಪಂದ್ಯವನ್ನೂ ಸೋಲದೆ ಗೆದ್ದಿತು. ಆ ತಂಡದ ವಿಕೆಟ್ ಕೀಪರ್ ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ನಡೆದ ಫೈನಲ್‌ನಲ್ಲಿ, ಹತ್ತೊಂಬತ್ತು ವರ್ಷದ ಶಿವರಾಮಕೃಷ್ಣನ್ ಹಾಕಿದ ಚೆಂಡಿಗೆ ಪಾಕಿಸ್ತಾನದ ಜಾವೇದ್ ಮಿಯಾಂದಾದ್ ಮುಂದೆ ಬಂದರು, ಹಿಂದೆ ಸದಾನಂದ್ ಬೇಲ್ಸ್ ಎಗರಿಸಿದ್ದರು. ನನ್ನ ತಮ್ಮ ಆಗ ಪ್ರಾಥಮಿಕ ಶಾಲೆಯಲ್ಲಿದ್ದ. ಸುದ್ದಿ ಕೇಳಿದ ಮೇಲೆ ಕಣದಲ್ಲಿ ಮೂರು ಕಬ್ಬಿನ ಜಲ್ಲೆ ನೆಟ್ಟು, ಅವುಗಳ ಹಿಂದೆ ದಿನವೆಲ್ಲ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ.

ಸೈಯದ್ ಕಿರ್ಮಾನಿಯವರ ನಂತರ ಇನ್ನು ಹತ್ತು ವರ್ಷ ಈ ಹುಡುಗನದೇ ಎಂದು ಎಲ್ಲರೂ ಹೇಳಿದರು. ಕಿರ್ಮಾನಿ ಆಡಿದ್ದು 88 ಟೆಸ್ಟ್. ಸದಾನಂದ್ ಆಡಿದ್ದು ಮೂರೇ ಮೂರು, ಮೂರೂ 1985ರ ಶ್ರೀಲಂಕಾ ಪ್ರವಾಸದಲ್ಲಿ. ಒಂದು ದಿನದ ಪಂದ್ಯಗಳು 22. 1988ರ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ವರ್ಷಗಳಲ್ಲೇ ಅವರು ಸ್ವಲ್ಪ ಅಂತರದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಸ್ಕೋರ್ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಆ ಚೆಂಡು ಹಾಕಿದ ಶಿವರಾಮಕೃಷ್ಣನ್ ಅವರದೂ ಒಂಬತ್ತು ಟೆಸ್ಟ್‌ಗೇ ನಿಂತಿತು. ಮುಂದೆ ಸದಾನಂದ್ ದೇಶದೊಳಗಿನ ಪಂದ್ಯಗಳಿಗೆ ಅಂಪೈರ್ ಆದರು, ಶಿವರಾಮಕೃಷ್ಣನ್ ಕಾಮೆಂಟರಿ ಹೇಳತೊಡಗಿದರು. ಅವರ ಮಾತು ಬಂದಾಗಲೆಲ್ಲ ನಾವು ಅನ್ನುವುದು ಒಂದೇ: "ಪಾಪ, ವ್ಯರ್ಥವಾಯಿತು."

ನನ್ನ ತಮ್ಮನ ಕಥೆ ಇನ್ನೂ ಚಿಕ್ಕದು. ಕಾಲೇಜಿನಲ್ಲಿ ಅವನೇ ಹೀರೋ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ. ಪತ್ರಿಕೆಯಲ್ಲಿ ಒಮ್ಮೆ ಫೋಟೋ ಬಂದಾಗ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದರು. ಬೆಂಗಳೂರಿಗೆ ಹೋಗಿ ಐದು ವರ್ಷ ಲೀಗ್ ಪಂದ್ಯಗಳನ್ನು ಆಡಿದ. ರಾಜ್ಯ ತಂಡದ ಬಾಗಿಲು ತೆರೆಯಲಿಲ್ಲ, ಆಟದ ಮೇಲೆ ಸಿಗಬಹುದೆಂದಿದ್ದ ಬ್ಯಾಂಕ್ ಕೆಲಸವೂ ಸಿಗಲಿಲ್ಲ. ಊರಿಗೆ ಬಂದು ಬೇಸಾಯಕ್ಕೆ ನಿಂತ.

ಇಲ್ಲಿ ವ್ಯರ್ಥವಾದದ್ದು ಏನು, ಯಾರದು?

ಅಮೆರಿಕದವರ ಫುಟ್‌ಬಾಲಿನಲ್ಲಿ ಕೈಯಿಂದ ಚೆಂಡೆಸೆದು ಇಡೀ ತಂಡವನ್ನು ನಡೆಸುವ ಒಬ್ಬ ಆಟಗಾರ ಇರುತ್ತಾನೆ. 1998ರಲ್ಲಿ ಕಾಲೇಜು ಆಟದಿಂದ ಬಂದ ಅಂಥ ಇಬ್ಬರಲ್ಲಿ ಯಾರು ಮೇಲು ಎಂದು ಅಲ್ಲಿನ ಪಂಡಿತರು ತಿಂಗಳುಗಟ್ಟಲೆ ಚರ್ಚಿಸಿದರು. ಮೊದಲ ಆಯ್ಕೆಯಾದ ಪೇಟನ್ ಮ್ಯಾನಿಂಗ್ ಮಹಾ ಆಟಗಾರನಾದ. ಎರಡನೆಯ ಆಯ್ಕೆಯಾದ ರಯಾನ್ ಲೀಫ್ 2002ರಲ್ಲೇ ಆಟ ಬಿಟ್ಟ. ಇಂದಿಗೂ ಲೀಫ್‌ನ ಹೆಸರನ್ನು ಸೋಲಿಗೆ ಉದಾಹರಣೆಯಾಗಿಯೇ ಹೇಳುತ್ತಾರೆ. ಅವನಿಂದ ತಪ್ಪುಗಳು ಆಗಲಿಲ್ಲವೆಂದಲ್ಲ. ಆದರೆ ಭವಿಷ್ಯ ನುಡಿದವರು ಬೇರೆಯವರು, ಅದು ಸುಳ್ಳಾದಾಗ ತಲೆ ತಗ್ಗಿಸಬೇಕಾದವನು ಅವನು. ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಮಗು ನಾಲ್ಕು ರಾಗ ಹಾಡಿದರೆ, ಹತ್ತನೇ ತರಗತಿಯಲ್ಲಿ ರ‍್ಯಾಂಕ್ ತಂದರೆ, ನಾವು ಒಂದು ಕನಸನ್ನು ಅದರ ಹೆಸರಿಗೆ ಸಾಲವಾಗಿ ಬರೆದಿಡುತ್ತೇವೆ. ಸಾಲ ಕೇಳಿದವರು ಯಾರೂ ಅಲ್ಲ. ತೀರಿಸದಿದ್ದರೆ ಮಾತ್ರ ಜೀವನಪೂರ್ತಿ ಬಡ್ಡಿ.

ಹಾಗಾದರೆ ಪ್ರತಿಭೆ ಇದ್ದವರಿಗೆ ಹೊಣೆಯೇ ಇಲ್ಲವೇ ಎಂದು ನೀವು ಕೇಳಬಹುದು. ದೇವರು ಕೊಟ್ಟದ್ದನ್ನು ಕೆಡಿಸಿಕೊಳ್ಳಬಾರದು ಎಂದು ನಮ್ಮಮ್ಮನೂ ಹೇಳುತ್ತಿದ್ದಳು. ಹೊಣೆ ಇದೆ. ಆದರೆ ಅದು ದುಡಿಮೆಯ ಹೊಣೆ. ಬೆಳಗಿನ ಜಾವ ಎದ್ದು ಓಡಬೇಕು, ಬೆರಳು ಮುರಿದರೂ ಗ್ಲೌಸ್ ಹಾಕಿಕೊಳ್ಳಬೇಕು. ನನ್ನ ತಮ್ಮ ಅದನ್ನೆಲ್ಲ ಮಾಡಿದ. ಅವನ ಎಡಗೈಯ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ಕಾಲಕ್ಕೆ ಸರಿಯಾಗಿ ಉತ್ತು ಬಿತ್ತಿದ ರೈತನನ್ನು ಮಳೆ ಯಾಕೆ ಬರಲಿಲ್ಲ ಎಂದು ನಮ್ಮ ಊರಿನಲ್ಲಿ ಯಾರೂ ಕೇಳುವುದಿಲ್ಲ. ಅಷ್ಟು ತಿಳಿವಳಿಕೆ ಇರುವ ನಾವೇ ಮಕ್ಕಳನ್ನು ಮಾತ್ರ ಮಳೆಯ ಲೆಕ್ಕ ಕೇಳುತ್ತೇವೆ.

ಇನ್ನೊಂದು ಮಾತನ್ನು ಇಲ್ಲಿ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಾನೂ ಓಡುತ್ತಿದ್ದೆ. ಪಿ.ಯು.ಸಿ.ಯಲ್ಲಿದ್ದಾಗ ನಾನೂರು ಮೀಟರ್ ಓಟದಲ್ಲಿ ಎರಡು ವರ್ಷವೂ ನಾನೇ ಮೊದಲು. ಆ ಕಪ್ಪುಗಳಲ್ಲಿ ಅಮ್ಮ ಬಹಳ ಕಾಲ ಮೆಂತ್ಯ, ಸಾಸಿವೆ ಹಾಕಿಡುತ್ತಿದ್ದಳು. ಪರೀಕ್ಷೆ ಮುಗಿದ ವರ್ಷವೇ ಮದುವೆಯಾಯಿತು. "ಇವಳು ಏನೋ ಆಗಬೇಕಾಗಿದ್ದವಳು" ಎಂದು ನನ್ನನ್ನು ಯಾರೂ ಪರಿಚಯಿಸಿದ್ದಿಲ್ಲ. ನನ್ನ ವಿಷಯದಲ್ಲಿ ಯಾರಿಗೂ ನಿರಾಸೆಯಾಗಲಿಲ್ಲ, ಯಾಕೆಂದರೆ ಯಾರೂ ಆಸೆ ಇಟ್ಟಿರಲಿಲ್ಲ. ತಮ್ಮನ ಹೆಗಲ ಮೇಲೆ ಭಾರವೆಲ್ಲ ಬಿತ್ತು, ನನ್ನ ಹೆಗಲ ಮೇಲೆ ಒಂದು ಎಳೆಯೂ ಬೀಳಲಿಲ್ಲ. ಯಾವುದು ಹೆಚ್ಚು ಕಷ್ಟ ಎಂದು ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಅವನ ಬಗ್ಗೆ ನಾನು ಅಷ್ಟು ಸಲ ಆ ಮಾತು ಹೇಳಿದ್ದು, ನನ್ನ ಬಗ್ಗೆ ಯಾರೂ ಹೇಳದ್ದನ್ನು ಅವನ ಹೆಸರಿನಲ್ಲಿ ಹೇಳಿಕೊಂಡದ್ದೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಅದು ಅವನ ಮೇಲಿನ ಹೆಮ್ಮೆ ಆಗಿರಲಿಲ್ಲ.

ಮಕ್ಕಳ ಮೇಲೆ ಆಸೆ ಇಡಬಾರದು ಎನ್ನುವುದು ನನ್ನಿಂದಾಗದ ಮಾತು. ಹೆಣ್ಣುಮಕ್ಕಳ ಮೇಲಂತೂ ಇಡಲೇಬೇಕು. ಆದರೆ ಆ ಆಸೆ ಅವರು ಆಡುವಾಗ ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಬೇಕು. ಆಟ ಮುಗಿದ ಮೇಲೆ ಲೆಕ್ಕದ ಪುಸ್ತಕ ಹಿಡಿದು ಮನೆಯವರೆಗೂ ಅವರ ಹಿಂದೆ ಬರಬಾರದು.

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಮಗಳ ಸ್ನೇಹಿತೆಯರು ಜೊತೆಗಿದ್ದರು. ತಮ್ಮ ಗದ್ದೆಯ ಕಡೆಯಿಂದ ಬಂದು ಕಾಲು ತೊಳೆಯುತ್ತಿದ್ದ. "ಇವನು ನನ್ನ ತಮ್ಮ. ಬೇಸಾಯ ಮಾಡ್ತಾನೆ. ಸಂಜೆ ಊರ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡ್ತಾನೆ, ಹೆಣ್ಣುಮಕ್ಕಳಿಗೂ" ಎಂದೆ. ಅವನು ನನ್ನ ಮುಖವನ್ನು ಒಮ್ಮೆ ನೋಡಿದ. ಏನೂ ಹೇಳಲಿಲ್ಲ. ಚೊಂಬು ಕೆಳಗಿಟ್ಟು, "ಒಳಗೆ ನಡೀರವ್ವಾ, ಒಬ್ಬಟ್ಟು ಆರೋಯ್ತದೆ" ಎಂದು ಹುಡುಗಿಯರನ್ನು ಕರೆದ.